18ನೇ ದಿನ ನಡುಗಿದ ಬಾಣಂತಿ ಬೆಕ್ಕು

ಬೆಕ್ಕು ಮರಿ ಹಾಕಿದ ಮನೆಗಳಿಂದ ನನಗೆ ಆಗಾಗ ಫೋನ್ ಬರುತ್ತದೆ. ಹೆಚ್ಚಿನವು ಮರಿಗಳ ಬಗ್ಗೆಯೇ. ಒಂದು ಮರಿ ಸಣ್ಣಗಿದೆ, ಇನ್ನೊಂದರ ಕಣ್ಣು ಅಂಟಿಕೊಂಡಿದೆ, ಗಂಡೋ ಹೆಣ್ಣೋ ಗೊತ್ತಾಗುತ್ತಿಲ್ಲ. ತಾಯಿ ಹೇಗಿದೆ ಅಂತ ಕೇಳಿದರೆ "ಅದಕ್ಕೇನು, ಚೆನ್ನಾಗಿದೆ, ಹಾಲು ಕೊಡ್ತಾ ಇದೆಯಲ್ಲ" ಅನ್ನುತ್ತಾರೆ. ಆ ಒಂದು ಮಾತನ್ನು ನಂಬಿ ಈ ಪ್ರಕರಣದಲ್ಲಿ ನಾವು ಒಂದೂವರೆ ದಿನ ಕಳೆದುಕೊಂಡೆವು. ನಾವು ಅಂದರೆ ಮನೆಯವರು ಮಾತ್ರ ಅಲ್ಲ, ನಾನೂ ಸೇರಿ.

ನಾನು ಡಾಕ್ಟರ್ ಅಲ್ಲ. ಕೆಲವು ವರ್ಷಗಳಿಂದ ಬೀದಿ ಬೆಕ್ಕುಗಳನ್ನು, ತಾಯಿ ಇಲ್ಲದ ಮರಿಗಳನ್ನು ನೋಡಿಕೊಳ್ಳುತ್ತಾ ಬಂದಿದ್ದೇನೆ, ಅಷ್ಟೇ. ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು, ಹೆಸರು ಯಾವುದೂ ಹಾಕಿಲ್ಲ. ಬೆಕ್ಕಿನ ಹೆಸರನ್ನೂ ಬದಲಾಯಿಸಿ ಗೌರಿ ಅಂತ ಕರೆಯುತ್ತೇನೆ.

ಮನೆ, ಅಟ್ಟ, ಐದು ಮರಿ

ಮಲೆನಾಡಿನ ಒಂದು ಅಡಿಕೆ ತೋಟದ ಮನೆ. ಅಜ್ಜಿ, ಮಗ, ಸೊಸೆ, ಏಳನೇ ಕ್ಲಾಸಿನ ಮೊಮ್ಮಗ. ಕೊಟ್ಟಿಗೆಯಲ್ಲಿ ಮೂರು ಹಸು. ಸಸ್ಯಾಹಾರದ ಮನೆ. ಗೌರಿಗೆ ಆಗ ಒಂದೂವರೆ ವರ್ಷ ಇರಬಹುದು. ಸಣ್ಣ ಮೈಕಟ್ಟು, ಚೊಚ್ಚಲ ಬಸಿರು. ದಿನಕ್ಕೆರಡು ಸಲ ಹಾಲು ಕಲಸಿದ ಅನ್ನ, ಕೆಲವೊಮ್ಮೆ ಮೊಸರನ್ನ. ಉಳಿದ ಹೊತ್ತೆಲ್ಲ ತೋಟ, ಕೊಟ್ಟಿಗೆ, ಅಡಿಕೆ ಮೂಟೆ ಇಡುವ ಕೋಣೆ ಅಂತ ತಿರುಗಾಟ. "ನಮ್ಮನೆ ಹಾಲನ್ನದಲ್ಲೇ ಬೆಳೆದ ಬೆಕ್ಕು" ಅಂತ ಅಜ್ಜಿಗೆ ಹೆಮ್ಮೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಜುಲೈ ಕೊನೆಯ ಜಡಿಮಳೆಯಲ್ಲಿ ಅಟ್ಟದ ಮೇಲೆ ಗೋಣಿಚೀಲಗಳ ಮಧ್ಯೆ ಐದು ಮರಿ ಹಾಕಿತು. ಹೆರಿಗೆ ಸಲೀಸಾಗಿ ಆಯಿತು. ಅಜ್ಜಿ ಅದಕ್ಕೆ ನಿಜವಾದ ಬಾಣಂತನವನ್ನೇ ಮಾಡಿದರು. ಹಳೇ ಹತ್ತಿ ಸೀರೆ ಹಾಸಿದರು, ಗಾಳಿ ಬೀಸದ ಹಾಗೆ ಗೋಣಿ ಕಟ್ಟಿದರು. ಮೂರನೇ ದಿನ ತುಪ್ಪದಲ್ಲಿ ಬೆಳ್ಳುಳ್ಳಿ ಹುರಿದು ಅನ್ನಕ್ಕೆ ಕಲಸಿ ಇಟ್ಟರು. ಗೌರಿ ಮೂಸಿ ನೋಡಿ ಬಿಟ್ಟಿತು. ಒಳ್ಳೆಯದೇ ಆಯಿತು, ಯಾಕೆಂದರೆ ಬೆಳ್ಳುಳ್ಳಿ, ಈರುಳ್ಳಿ ಎರಡೂ ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ. ಮನುಷ್ಯರ ಬಾಣಂತಿಗೆ ಕೊಡುವುದನ್ನೆಲ್ಲ ಬೆಕ್ಕಿಗೆ ಕೊಡಬಾರದು.

ಆ ಸುತ್ತಿನಲ್ಲಿ ಒಂದು ದೊಡ್ಡ ಗಂಡು ಬೆಕ್ಕು ಓಡಾಡುತ್ತಿತ್ತು. ಹಿಂದೊಮ್ಮೆ ಪಕ್ಕದ ಮನೆಯ ಮರಿಗಳನ್ನು ಕಚ್ಚಿ ಕೊಂದಿತ್ತಂತೆ. ಅದಕ್ಕೆ ಹೆದರಿ ಅಟ್ಟದ ಬಾಗಿಲು ಹಾಕಿ ಗೌರಿಯನ್ನು ಒಳಗೇ ಇಟ್ಟುಕೊಂಡರು. ಪ್ರೀತಿಯಿಂದ ತೆಗೆದುಕೊಂಡ ನಿರ್ಧಾರ ಅದು. ತಪ್ಪು ಅಂತ ಆಗ ಯಾರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ಐದನೇ ದಿನ ಸೊಸೆ ಮೊದಲ ಸಲ ನನಗೆ ಫೋನ್ ಮಾಡಿದಳು. "ಅಕ್ಕಾ, ಇನ್ನೂ ಸ್ವಲ್ಪ ರಕ್ತ ಹೋಗ್ತಾ ಇದೆ, ಕಂದು ಬಣ್ಣ." ವಾಸನೆ ಇದೆಯಾ ಅಂತ ಕೇಳಿದೆ. ಇಲ್ಲ ಅಂದಳು. ಊಟ ಮಾಡುತ್ತಿದೆಯಾ, ಮರಿಗಳ ಹತ್ತಿರ ಮಲಗುತ್ತಿದೆಯಾ ಅಂದೆ. ಎರಡಕ್ಕೂ ಹೌದು. ಹೆತ್ತ ಮೇಲೆ ಕಂದು, ಕಡುಗೆಂಪು ಬಣ್ಣದ ಸ್ರಾವ ಎರಡು ಮೂರು ವಾರ ಸ್ವಲ್ಪ ಸ್ವಲ್ಪ ಹೋಗುವುದು ಸಹಜ. ಕೆಟ್ಟ ವಾಸನೆ ಬಂದರೆ, ಕೀವಿನ ಹಾಗಿದ್ದರೆ, ಹಸಿ ರಕ್ತ ಜಾಸ್ತಿ ಹೋದರೆ, ತಾಯಿ ಊಟ ಬಿಟ್ಟು ಮಂಕಾದರೆ ಗರ್ಭಕೋಶಕ್ಕೆ ಸೋಂಕು ತಗುಲಿರಬಹುದು, ಆಗ ಕಾಯಬಾರದು. ಇಷ್ಟು ಹೇಳಿ ಫೋನ್ ಇಟ್ಟೆ. ಸಲಹೆ ಸರಿಯಾಗಿಯೇ ಇತ್ತು. ಆದರೆ ಏನು ತಿನ್ನಿಸುತ್ತಿದ್ದೀರಿ ಅಂತ ನಾನು ಕೇಳಲೇ ಇಲ್ಲ.

ಏಳು ಮನೆ ಸುತ್ತುವ ನಂಬಿಕೆ

ಹತ್ತನೇ ದಿನದಿಂದ ಗೌರಿಗೆ ಸ್ವಲ್ಪ ಭೇದಿ. ಬೆನ್ನಿನ ಮೂಳೆ ಕೈಗೆ ಸಿಗುವಷ್ಟು ಸೊರಗಿತ್ತು. ಐದು ಮರಿಗೆ ಹಾಲು ಕುಡಿಸಿದರೆ ಸೊರಗದೆ ಇರುತ್ತದಾ ಅಂದುಕೊಂಡರು. ಹಾಲನ್ನಕ್ಕೆ ಇನ್ನೊಂದಿಷ್ಟು ಹಾಲು ಸೇರಿಸಿದರು. ಭೇದಿ ಜಾಸ್ತಿಯಾಯಿತು.

17ನೇ ದಿನ ಬೆಳಗ್ಗೆ ಅದು ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಅಟ್ಟದ ಈ ಮೂಲೆಯಿಂದ ಆ ಮೂಲೆಗೆ ಓಡಾಡಿತು. ಇಟ್ಟಿತು, ಎತ್ತಿತು, ಮತ್ತೆ ಇಟ್ಟಿತು. ಮರಿಗಳು ಕೂಗಿದರೂ ಒಂದೆಡೆ ಮಲಗಲಿಲ್ಲ. ಮುಖವನ್ನು ಗೋಡೆಗೆ, ಮುಂಗಾಲಿಗೆ ಉಜ್ಜಿಕೊಳ್ಳುತ್ತಿತ್ತು. ಸೊಸೆ ಮತ್ತೆ ಫೋನ್ ಮಾಡಿದಳು. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು. "ಬೆಕ್ಕು ಮರಿಗಳನ್ನ ಏಳು ಮನೆ ತಿರುಗಿಸದೆ ಬಿಡಲ್ಲ ಅಂತ ಹೇಳು, ಸುಮ್ನೆ ಯಾಕೆ ಗಾಬರಿ." ನಾನೂ ಹೌದು ಅಂದೆ. ಬೆಕ್ಕುಗಳು ಮರಿಗಳ ಜಾಗ ಬದಲಾಯಿಸುವುದು ನಿಜ, ನಾನೇ ಎಷ್ಟೋ ಸಲ ನೋಡಿದ್ದೇನೆ. ಮುಖ ಉಜ್ಜುವುದಕ್ಕೆ ಚಿಗಟ ಇರಬಹುದು ಅಂದೆ.

ಈ ಪ್ರಕರಣದಲ್ಲಿ ನನಗೆ ಇವತ್ತಿಗೂ ಚುಚ್ಚುವ ಜಾಗ ಇದು. ಜಾಗ ಬದಲಾಯಿಸುವ ತಾಯಿ ಮರಿಗಳನ್ನು ಒಂದೊಂದಾಗಿ ಸಾಗಿಸಿ, ಹೊಸ ಜಾಗದಲ್ಲಿ ಮಲಗಿ ಹಾಲು ಕೊಡುತ್ತದೆ. ಅದರ ಓಡಾಟಕ್ಕೆ ಒಂದು ಗುರಿ ಇರುತ್ತದೆ. ಗೌರಿ ಒಂದೇ ಮರಿಯನ್ನು ಎತ್ತಿ ಇಳಿಸಿ ಮಾಡುತ್ತಿತ್ತು, ಉಳಿದ ನಾಲ್ಕನ್ನು ತಿರುಗಿಯೂ ನೋಡಲಿಲ್ಲ. ಎರಡು ನಿಮಿಷದ ವಿಡಿಯೋ ಕಳಿಸು ಅಂದಿದ್ದರೆ ನನಗೆ ಆ ವ್ಯತ್ಯಾಸ ಕಾಣುತ್ತಿತ್ತು. ಕೇಳಲಿಲ್ಲ.

ಸಂಜೆ ಮೊಮ್ಮಗ ಶಾಲೆಯಿಂದ ಬಂದು ಮೊದಲು ಗಮನಿಸಿದ. "ಗೌರಿ ಕೋಲಿನ ಮೇಲೆ ನಡೆದ ಹಾಗೆ ನಡೀತಿದೆ" ಅಂದನಂತೆ. ಹಿಂಗಾಲು ಮಡಿಸದೆ, ಸೆಟೆದುಕೊಂಡು ನಡೆಯುತ್ತಿತ್ತು. ಏಣಿಯಲ್ಲಿ ಜಾರಿರಬೇಕು ಅಂತ ದೊಡ್ಡವರು ಸುಮ್ಮನಾದರು.

ರಾತ್ರಿ ಎಂಟೂವರೆ

18ನೇ ದಿನ ರಾತ್ರಿ ನಡುಕ ಶುರುವಾಯಿತು. ಮೊದಲು ಕಿವಿ, ಮುಖದ ಸ್ನಾಯು ಅದುರಿದವು. ಆಮೇಲೆ ಇಡೀ ಮೈ. ಬಾಯಿ ತೆರೆದು ಏದುಸಿರು ಬಿಡುತ್ತಾ ಒಂದು ಪಕ್ಕಕ್ಕೆ ಬಿತ್ತು, ನಾಲ್ಕೂ ಕಾಲು ಚಾಚಿ ಸೆಟೆದುಕೊಂಡವು. ಮರಿಗಳು ಆಗಲೂ ಮೊಲೆ ಚೀಪುತ್ತಿದ್ದವು.

ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅನಿಸಿತು. ಸೊಸೆ ಮಳೆಯ ಥಂಡಿ ಅಂದುಕೊಂಡು ಬಚ್ಚಲ ಒಲೆಯ ಹತ್ತಿರ ತಂದು ಮಲಗಿಸಿದಳು. ಮಗ ಕಿವಿ ಮುಟ್ಟಿ ನೋಡಿದ, ಸುಡುತ್ತಿತ್ತು, ಜ್ವರ ಅಂತ ಪ್ಯಾರಾಸಿಟಮಾಲ್ ಮಾತ್ರೆ ಅರ್ಧ ಮಾಡಿದ. ಅಜ್ಜಿ ನೋಡಿದವರೇ "ಇದು ಬಾಣಂತಿ ಸನ್ನಿ ಕಣೋ" ಅಂದರು. ಯಾರೂ ಅವರ ಮಾತಿಗೆ ಬೆಲೆ ಕೊಡಲಿಲ್ಲ. ಆಮೇಲೆ ನೋಡಿದರೆ ಸತ್ಯಕ್ಕೆ ಹತ್ತಿರ ಇದ್ದಿದ್ದು ಅವರೊಬ್ಬರೇ.

ಅದೃಷ್ಟಕ್ಕೆ ಮಾತ್ರೆ ಬಾಯಿಗೆ ಹಾಕುವ ಮೊದಲು ನನಗೆ ಫೋನ್ ಬಂತು. "ಅಣ್ಣಾ, ಮೊದಲು ಆ ಮಾತ್ರೆ ಕೆಳಗಿಡಿ" ಅಂದೆ. ಪ್ಯಾರಾಸಿಟಮಾಲ್ ಅನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ. ಒಂದು ಮಾತ್ರೆ, ಅದಕ್ಕಿಂತ ಕಮ್ಮಿ ಕೂಡ ಬೆಕ್ಕನ್ನು ಕೊಲ್ಲಬಹುದು. ಒಲೆಯ ಹತ್ತಿರದಿಂದ ಎತ್ತಿ, ಮರಿಗಳನ್ನು ಬೇರೆ ಮಾಡಿ, ದೀಪ ಕಮ್ಮಿ ಮಾಡಿ, ಬಾಯಿಗೆ ನೀರು, ಬೆಲ್ಲದ ನೀರು, ಕಷಾಯ ಏನನ್ನೂ ಹಾಕಬೇಡಿ ಅಂದೆ. ಸೆಟೆದುಕೊಂಡ ಬೆಕ್ಕಿಗೆ ನುಂಗಲು ಆಗುವುದಿಲ್ಲ, ಹಾಕಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ.

ನಾನಿರುವ ಪೇಟೆಯಲ್ಲಿ ನಾಯಿ ಬೆಕ್ಕು ನೋಡುವ ಡಾಕ್ಟರ್ ಒಬ್ಬರಿದ್ದಾರೆ. ಅವರಿಗೆ ವಿಡಿಯೋ ಕಳಿಸಿ ಫೋನ್ ಮಾಡಿದೆ. ಮೂರೇ ಪ್ರಶ್ನೆ ಕೇಳಿದರು. ಹೆತ್ತು ಎಷ್ಟು ದಿನ? ಎಷ್ಟು ಮರಿ? ಏನು ತಿನ್ನುತ್ತದೆ? ಉತ್ತರ ಕೇಳಿ, "ಕ್ಯಾಲ್ಸಿಯಂ ಇಳಿದಿದೆ. ಈಗಲೇ ಕರೆದುಕೊಂಡು ಬರಲಿ, ಬೆಳಗಾಗಲಿ ಅನ್ನಬೇಡಿ" ಅಂದರು.

ಮನೆಯವರಿಗೆ ಹೇಗೆ ಹೇಳಲಿ ಅಂತ ಒಂದು ಕ್ಷಣ ಯೋಚಿಸಿದೆ. ಕೊಟ್ಟಿಗೆ ಇರುವ ಮನೆ, ಹಸುಗಳ ಕಾಯಿಲೆ ಅವರಿಗೆ ಗೊತ್ತು. "ಅಜ್ಜಿ, ಇದು ಹಾಲು ಜ್ವರ" ಅಂದೆ. ಅಜ್ಜಿ ತಕ್ಷಣ ಒಪ್ಪಲಿಲ್ಲ. "ಹಾಲು ಜ್ವರ ಕರು ಹಾಕಿದ ಎರಡು ಮೂರು ದಿನಕ್ಕೆ ಬರುತ್ತೆ ಮಗಾ, ಇದು ಹದಿನೆಂಟು ದಿನ ಆಯ್ತಲ್ಲ. ಅದೂ ಅಲ್ದೆ ದನ ಆದ್ರೆ ಮೆತ್ತಗಾಗಿ ಕುತ್ತಿಗೆ ತಿರುಗಿಸಿ ಮಲಗುತ್ತೆ, ಕಿವಿ ತಣ್ಣಗಿರುತ್ತೆ. ಇದು ಸೆಟೆದುಕೊಂಡಿದೆ, ಕಿವಿ ಸುಡ್ತಿದೆ."

ಎಷ್ಟು ಸರಿಯಾಗಿ ನೋಡಿದ್ದಾರೆ ಅಲ್ವಾ? ಅವರು ಹೇಳಿದ ಒಂದೊಂದೂ ನಿಜ. ಹಸುವಿನಲ್ಲಿ ಕರು ಹಾಕಿದ ಕೂಡಲೇ ಗಿಣ್ಣು ಹಾಲಿಗೆ ಕ್ಯಾಲ್ಸಿಯಂ ಒಮ್ಮೆಲೇ ಹೋಗುತ್ತದೆ, ಸ್ನಾಯುಗಳು ಸೋತು ಸಡಿಲವಾಗುತ್ತವೆ. ಬೆಕ್ಕು, ನಾಯಿಗಳಲ್ಲಿ ಮರಿಗಳು ಬೆಳೆದು ಹಾಲಿನ ಬೇಡಿಕೆ ಏರುವಾಗ, ಹೆಚ್ಚಾಗಿ ಮೊದಲ ನಾಲ್ಕು ವಾರದ ಒಳಗೆ ಬರುತ್ತದೆ. ಕ್ಯಾಲ್ಸಿಯಂ ಇಳಿದಾಗ ಅವುಗಳ ನರಗಳು ಹಿಡಿತ ತಪ್ಪಿ ಸ್ನಾಯುಗಳು ಬಿಗಿಯುತ್ತವೆ. ಕೊರತೆ ಒಂದೇ, ತೋರುವ ರೂಪ ಉಲ್ಟಾ. ಹಸುವನ್ನು ಚೆನ್ನಾಗಿ ಬಲ್ಲ ಅಜ್ಜಿಗೆ ಬೆಕ್ಕಿನಲ್ಲಿ ಅದೇ ಕಾಯಿಲೆ ಗುರುತು ಸಿಗದೆ ಹೋಗಿದ್ದು ಇದಕ್ಕೇ.

ಕೈಗೆ ಸಿಕ್ಕಿದ ಔಷಧಿ, 45 ಕಿಲೋಮೀಟರ್ ದಾರಿ

ಕ್ಯಾಲ್ಸಿಯಂ ಅಂದ ಕೂಡಲೇ ಮಗನಿಗೆ ಧೈರ್ಯ ಬಂತು. ಕೊಟ್ಟಿಗೆಯಲ್ಲಿ ಹಸುವಿಗೆ ಕುಡಿಸುವ ಕ್ಯಾಲ್ಸಿಯಂ ಕ್ಯಾನ್ ಇತ್ತು. ಅದೂ ಅಲ್ಲದೆ ಊರಲ್ಲಿ ದನಗಳಿಗೆ ಇಂಜೆಕ್ಷನ್ ಹಾಕುವ ಒಬ್ಬರಿದ್ದರು. ಅವರ ಹತ್ತಿರ ಹಸುವಿನ ಕ್ಯಾಲ್ಸಿಯಂ ಬಾಟ್ಲಿ ಇತ್ತು, ಸ್ವಲ್ಪ ಹಾಕಿಕೊಡುತ್ತೇನೆ ಅಂದರು. ಹೊರಗೆ ಜೋರು ಮಳೆ. 45 ಕಿಲೋಮೀಟರ್ ಘಾಟಿ ದಾರಿ. ಮನೆಯಲ್ಲೇ ಔಷಧಿ ಇರುವಾಗ ಯಾಕೆ ಹೋಗಬೇಕು ಅಂತ ಯಾರಿಗಾದರೂ ಅನಿಸುತ್ತದೆ.

ಡಾಕ್ಟರನ್ನೇ ಫೋನ್‌ನಲ್ಲಿ ಸೇರಿಸಿದೆ. ಅವರು ಜೋರು ಮಾಡಲಿಲ್ಲ, ಬಿಡಿಸಿ ಹೇಳಿದರು. ಕ್ಯಾಲ್ಸಿಯಂ ರಕ್ತನಾಳಕ್ಕೆ ಹೋಗಬೇಕು, ತೊಟ್ಟು ತೊಟ್ಟಾಗಿ, ಎದೆಬಡಿತ ಕೇಳುತ್ತಲೇ ಕೊಡಬೇಕು. ಬೇಗ ಹೋದರೆ ಹೃದಯ ನಿಂತು ಹೋಗಬಹುದು. ಚರ್ಮದ ಕೆಳಗೆ ಹಾಗೇ ಚುಚ್ಚಿದರೆ ಆ ಜಾಗದ ಮಾಂಸ ಕೊಳೆಯಬಹುದು. ಹಸುವಿನ ಬಾಟ್ಲಿ ನೂರಾರು ಕಿಲೋ ತೂಕದ ಪ್ರಾಣಿಗೆ ಮಾಡಿದ್ದು, ಈ ಬೆಕ್ಕು ಎರಡೂವರೆ ಕಿಲೋ ಕೂಡ ಇಲ್ಲ. ಸೆಟೆದ ಬೆಕ್ಕಿಗೆ ಬಾಯಲ್ಲಿ ಹಾಕಿದರೆ ಉಸಿರು ಕಟ್ಟುತ್ತದೆ. ಮಗ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ಜೀಪ್ ತೆಗೀತೀನಿ" ಅಂದ.

ಇಡೀ ಪ್ರಕರಣದ ದಿಕ್ಕು ಬದಲಾಗಿದ್ದು ಆ ಮಾತಿನಿಂದ. ಅದಕ್ಕಾಗಿ ನನಗೆ ಆ ಮನುಷ್ಯನ ಮೇಲೆ ತುಂಬಾ ಗೌರವ. ಒಂದು ಬೆಕ್ಕಿಗೋಸ್ಕರ ಮಳೆಗಾಲದ ರಾತ್ರಿ ಯಾರು ಹೊರಡುತ್ತಾರೆ ಹೇಳಿ.

ತರಕಾರಿ ಕ್ರೇಟಿನಲ್ಲಿ ಸೀರೆ ಹಾಸಿ, ಮೇಲೆ ಇನ್ನೊಂದು ಕ್ರೇಟ್ ಬೋರಲು ಹಾಕಿ ಹಗ್ಗ ಕಟ್ಟಿ ಗೌರಿಯನ್ನು ಮಲಗಿಸಿದರು. ಮರಿಗಳನ್ನು ಬೇರೆ ಬುಟ್ಟಿಯಲ್ಲಿ, ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು ತಂದರು. ಮರಿಗಳನ್ನು ಬಿಟ್ಟು ಬರಲೋ ತರಲೋ ಅಂತ ಕೇಳಿದಾಗ ತನ್ನಿ ಅಂದಿದ್ದೆ, ಅವುಗಳಿಗೂ ರಾತ್ರಿ ಏನಾದರೂ ಕುಡಿಸಲೇಬೇಕಿತ್ತು.

ರಾತ್ರಿ 10.50ಕ್ಕೆ ತಲುಪಿದರು. ನಾನು ಮೊದಲೇ ಹೋಗಿ ಕಾಯುತ್ತಿದ್ದೆ. ತೂಕ 2.3 ಕಿಲೋ. ಥರ್ಮಾಮೀಟರಿನಲ್ಲಿ 103.8 ಡಿಗ್ರಿ. ಬೆಕ್ಕಿಗೆ ಸುಮಾರು 100.5ರಿಂದ 102.5ರವರೆಗೆ ಸಹಜ. ಡಾಕ್ಟರ್ ರಕ್ತ ತೆಗೆದಿಟ್ಟುಕೊಂಡರು, ಆದರೆ ರಿಪೋರ್ಟಿಗೆ ಕಾಯಲಿಲ್ಲ. ರಕ್ತನಾಳಕ್ಕೆ ಸೂಜಿ ಹಾಕಿ, ಒಂದು ಕೈಯಲ್ಲಿ ಸ್ಟೆತಾಸ್ಕೋಪ್ ಹಿಡಿದು, ಇಪ್ಪತ್ತು ನಿಮಿಷ ತೆಗೆದುಕೊಂಡು ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟರು. ನಡುವೆ ಒಮ್ಮೆ ಎದೆಬಡಿತ ನಿಧಾನವಾಯಿತು ಅಂತ ನಿಲ್ಲಿಸಿ, ಕಾದು, ಮತ್ತೆ ಶುರು ಮಾಡಿದರು. ಅದನ್ನು ಕಣ್ಣಾರೆ ನೋಡಿದ ಮೇಲೆ ಊರಲ್ಲೇ ಇಂಜೆಕ್ಷನ್ ಹಾಕಿಸಿದ್ದರೆ ಏನಾಗುತ್ತಿತ್ತು ಅಂತ ಯಾರೂ ನನಗೆ ಹೇಳಬೇಕಾಗಿಲ್ಲ.

ಇಪ್ಪತ್ತು ನಿಮಿಷ ಮುಗಿಯುವ ಹೊತ್ತಿಗೆ ಕಾಲುಗಳು ಮಡಿಸಿದವು. ನಡುಕ ನಿಂತಿತು. ಗೌರಿ ಕಣ್ಣು ತಿರುಗಿಸಿ ಬುಟ್ಟಿಯ ಕಡೆ ನೋಡಿತು. ಸೊಸೆ ಅಳಲು ಶುರು ಮಾಡಿದಳು. ಜ್ವರಕ್ಕೆ ಯಾವ ಔಷಧಿಯನ್ನೂ ಕೊಡಲಿಲ್ಲ, ಒಂದು ಗಂಟೆಯಲ್ಲಿ ಅದು ತಾನೇ ಇಳಿಯಿತು. ಅದು ಸೋಂಕಿನ ಜ್ವರ ಆಗಿರಲೇ ಇಲ್ಲ, ಸ್ನಾಯುಗಳು ನಡುಗಿ ನಡುಗಿ ಹುಟ್ಟಿದ ಕಾವು, ಜೊತೆಗೆ ಬಚ್ಚಲ ಒಲೆಯ ಬಿಸಿ. ಆಮೇಲೆ ಬಂದ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 5.9 ಇತ್ತು, ಎಂಟರ ಮೇಲೆ ಇರಬೇಕಿತ್ತು.

"ಹಾಲು ಕುಡೀತಿತ್ತಲ್ಲ?"

ಮಗ ಕೇಳಿದ ಪ್ರಶ್ನೆ ಸಹಜವಾದದ್ದು. ದಿನಾ ಹಾಲು ಕುಡಿಯುವ ಬೆಕ್ಕಿಗೆ ಕ್ಯಾಲ್ಸಿಯಂ ಹೇಗೆ ಕಮ್ಮಿಯಾಯಿತು?

ಡಾಕ್ಟರ್ ತಿರುಗಿ ಕೇಳಿದರು, "ಮೊದಲು ಇಲಿ ಹಿಡೀತಿತ್ತಾ?" ಹಿಡೀತಿತ್ತು, ಅಡಿಕೆ ಕೋಣೆಯಲ್ಲಿ ದಿನಾ ಒಂದೋ ಎರಡೋ. "ಮರಿ ಹಾಕಿದ ಮೇಲೆ?" ಅಟ್ಟದ ಬಾಗಿಲು ಹಾಕಿದ್ದೆವಲ್ಲ.

ಅಲ್ಲಿ ಎಲ್ಲರಿಗೂ ಹೊಳೆಯಿತು. ಗೌರಿ ಹಾಲನ್ನದಲ್ಲಿ ಬೆಳೆದ ಬೆಕ್ಕೇ ಅಲ್ಲ. ಅದು ಇಲಿ, ಹಲ್ಲಿ, ಓತಿಕ್ಯಾತ ತಿಂದು ಬೆಳೆದ ಬೆಕ್ಕು, ಹಾಲನ್ನ ಮೇಲಿನ ಒಂದು ತಿಂಡಿ ಅಷ್ಟೇ. ಇಲಿಯನ್ನು ಮೂಳೆ ಸಮೇತ ತಿಂದಾಗ ಮಾಂಸವೂ ಸಿಗುತ್ತಿತ್ತು, ಕ್ಯಾಲ್ಸಿಯಂ ಕೂಡ ಸಿಗುತ್ತಿತ್ತು. ಹಾಲೂಡಿಸುವ ಬೆಕ್ಕಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಆಹಾರ ಬೇಕು. ಸರಿಯಾಗಿ ಆ ಹೊತ್ತಿಗೇ ನಾವು ಬಾಗಿಲು ಹಾಕಿ ಅದರ ನಿಜವಾದ ಊಟವನ್ನು ನಿಲ್ಲಿಸಿ, ಅಕ್ಕಿ ಮತ್ತು ನೀರು ಬೆರೆಸಿದ ಹಾಲಿನ ಮೇಲೆ ಇಟ್ಟಿದ್ದೆವು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಸರಿಯಾಗಿ ಜೀರ್ಣ ಆಗುವುದಿಲ್ಲ. ಭೇದಿ ಶುರುವಾಗಿದ್ದೂ ಅದಕ್ಕೇ, ಹಾಲು ಜಾಸ್ತಿ ಮಾಡಿದಾಗ ಭೇದಿ ಜಾಸ್ತಿಯಾಗಿದ್ದೂ ಅದಕ್ಕೇ. ಗಂಡು ಬೆಕ್ಕಿನ ಭಯ ನಿಜ, ಬಾಗಿಲು ಹಾಕಿದ್ದೂ ಸರಿ. ಹಾಕಿದ ಮೇಲೆ ಒಳಗಿರುವ ಪ್ರಾಣಿ ಏನು ತಿನ್ನುತ್ತದೆ ಅಂತ ಯಾರೂ ಯೋಚಿಸಲಿಲ್ಲ, ಅಲ್ಲೇ ತಪ್ಪಿದ್ದು.

ಹಾಗಾದರೆ ಮುಂದಿನ ಸಲ ಬಸಿರಿದ್ದಾಗಲೇ ಕ್ಯಾಲ್ಸಿಯಂ ಮಾತ್ರೆ ಕೊಡೋಣ್ವಾ ಅಂತ ಸೊಸೆ ಕೇಳಿದಳು. ಬೇಡ ಅಂದರು ಡಾಕ್ಟರ್. ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳುವ ಕೆಲಸವನ್ನು ಕುತ್ತಿಗೆಯಲ್ಲಿರುವ ಪುಟ್ಟ ಗ್ರಂಥಿಗಳು ಮಾಡುತ್ತವೆ. ಹೊರಗಿನಿಂದ ಸುರಿದರೆ ಅವು ಕೆಲಸ ಬಿಟ್ಟು ಕೂರುತ್ತವೆ. ಹೆತ್ತ ಮೇಲೆ ಒಮ್ಮೆಲೇ ಬೇಡಿಕೆ ಬಂದಾಗ ಎದ್ದೇಳುವುದಿಲ್ಲ. ಒಳ್ಳೆಯದಕ್ಕೆ ಅಂತ ಕೊಟ್ಟ ಮಾತ್ರೆಯಿಂದಲೇ ಅಪಾಯ ಜಾಸ್ತಿಯಾಗಬಹುದು. ಬಸಿರಿನ ಕೊನೆಯ ವಾರಗಳಿಂದ ಹಾಲು ಬಿಡಿಸುವವರೆಗೆ ಬೆಕ್ಕು ಮರಿಗಳಿಗೆ ಅಂತಲೇ ಮಾಡಿದ ಆಹಾರವನ್ನು ತಾಯಿಗೆ ಕೊಟ್ಟರೆ ಸಾಕು.

ಮರಿಗಳಿಗೆ ಏನು ಮಾಡುವುದು

24 ಗಂಟೆ ಮರಿಗಳನ್ನು ತಾಯಿಯಿಂದ ದೂರ ಇಡಿ ಅಂದರು. ಬೆಕ್ಕಿನ ಮರಿಗಳ ಹಾಲಿನ ಪುಡಿ ಅವರಲ್ಲೇ ಒಂದು ಡಬ್ಬಿ ಸಿಕ್ಕಿತು. ಗೌರಿಯನ್ನು ಆ ರಾತ್ರಿ ಅಲ್ಲೇ ಬಿಟ್ಟು, ಮರಿಗಳನ್ನು ಕರೆದುಕೊಂಡು ಮನೆಯವರು ವಾಪಸ್ ಹೊರಟರು. ಮರಿಗಳನ್ನು ನನ್ನ ಹತ್ತಿರ ಬಿಡಿ ಅನ್ನಬೇಕಿತ್ತು. ಆದರೆ ಆಗ ನಮ್ಮ ಮನೆಯಲ್ಲಿ ನೆಗಡಿ ಹಿಡಿದ ಎರಡು ಬೆಕ್ಕುಗಳಿದ್ದವು, ಅಷ್ಟು ಚಿಕ್ಕ ಮರಿಗಳಿಗೆ ಅಂಟಿದರೆ ಕಷ್ಟ ಅಂತ ಹೆದರಿದೆ. ಹೇಗೆ ಕುಡಿಸಬೇಕು ಅಂತ ಜೀಪಿನ ಪಕ್ಕ ನಿಂತು ಐದು ನಿಮಿಷದಲ್ಲಿ ಹೇಳಿದೆ. ಹೇಳಿದೆ ಅಷ್ಟೇ, ಮಾಡಿ ತೋರಿಸಲಿಲ್ಲ.

ಬೆಳಗಿನ ಜಾವ ಮೊಮ್ಮಗ ಅಮ್ಮನಿಗೆ ಸಹಾಯ ಮಾಡಲು ಎದ್ದು, ಎಲ್ಲಕ್ಕಿಂತ ಸಣ್ಣ ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮಗುವಿಗೆ ಕುಡಿಸುವ ಹಾಗೆ ಅಂಗಾತ ಇಟ್ಟು ಸಿರಿಂಜಿನಲ್ಲಿ ಹಾಲು ಬಿಟ್ಟ. ಹಾಲು ಮೂಗಿನಿಂದ ಬಂತು. ಮರಿ ಕೆಮ್ಮಿತು. ಎರಡು ದಿನ ಏದುಸಿರು ಬಿಟ್ಟು ಸತ್ತುಹೋಯಿತು. ಹುಡುಗ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ನಾನೇ ಹೋಗಿ ಅವನ ಪಕ್ಕ ಕೂತು ಹೇಳಿದೆ, "ಪುಟ್ಟಾ, ನಿನ್ನದೇನೂ ತಪ್ಪಿಲ್ಲ. ತೋರಿಸಬೇಕಾಗಿದ್ದವಳು ನಾನು." ಉಳಿದ ನಾಲ್ಕು ಮರಿಗೆ ಹೇಗೆ ಕುಡಿಸಬೇಕು ಅಂತ ಅವತ್ತು ಅವನ ಕೈ ಹಿಡಿದೇ ಕಲಿಸಿದೆ. ಹೊಟ್ಟೆ ಕೆಳಗೆ, ತಾಯಿಯ ಮೊಲೆ ಚೀಪುವಾಗ ಹೇಗಿರುತ್ತದೋ ಹಾಗೆ. ತಲೆ ಸ್ವಲ್ಪ ಮಾತ್ರ ಮೇಲೆ. ಹಾಲು ಮಣಿಕಟ್ಟಿನ ಮೇಲೆ ಬಿಟ್ಟರೆ ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು. ಮರಿ ಚೀಪಿದಷ್ಟೇ ಬಿಡಬೇಕು, ಒತ್ತಿ ತಳ್ಳಬಾರದು. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಬೇಕು, ಅಷ್ಟು ಚಿಕ್ಕ ಮರಿಗಳು ತಾವಾಗಿ ಉಚ್ಚೆ ಮಾಡುವುದು ಆಗಿನ್ನೂ ಶುರುವಾಗುತ್ತಿರುತ್ತದೆ.

ಆವತ್ತೇ ಅಡುಗೆಮನೆಯ ತಕ್ಕಡಿಯಲ್ಲಿ ಮರಿಗಳನ್ನು ಮೊದಲ ಸಲ ತೂಗಿದೆವು. ದೊಡ್ಡದು 290 ಗ್ರಾಂ, ಚಿಕ್ಕದು 215. ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಬೇಕು. ಹುಟ್ಟಿದ ದಿನದಿಂದ ತೂಗಿದ್ದರೆ ಹಾಲು ಸಾಲುತ್ತಿಲ್ಲ ಅಂತ ತಕ್ಕಡಿಯೇ ಹೇಳುತ್ತಿತ್ತು.

ಎರಡನೇ ಪೆಟ್ಟು

ಗೌರಿ ಮನೆಗೆ ಬಂದ ಮರುದಿನ ಹಿಂಭಾಗದ ಒಂದು ಮೊಲೆ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ಬಿಸಿ. ಮರಿಗಳನ್ನು ಒಮ್ಮೆಲೇ ಬಿಡಿಸಿದ್ದರಿಂದ ಹಾಲು ಕಟ್ಟಿಕೊಂಡಿತ್ತು, ಸೋಂಕು ಶುರುವಾಗಿತ್ತು. ಕೆಚ್ಚಲು ಬಾವು ಅಂದರೆ ಹಸು ಸಾಕುವ ಎಲ್ಲರಿಗೂ ಗೊತ್ತು, ಈ ಸಲ ಅಜ್ಜಿ ಒಂದು ಕ್ಷಣವೂ ಕಾಯಲಿಲ್ಲ. ತಾವೇ ದಿನಾ ಬೆಳಗ್ಗೆ ಎಂಟೂ ಮೊಲೆ ಮುಟ್ಟಿ ನೋಡುತ್ತಿದ್ದರು, ಹಾಗಾಗಿ ಮೊದಲ ದಿನವೇ ಸಿಕ್ಕಿಬಿತ್ತು. ಡಾಕ್ಟರ್ ಹಾಲೂಡಿಸುವ ಬೆಕ್ಕಿಗೆ ಆಗುವಂಥ ಆ್ಯಂಟಿಬಯೋಟಿಕ್ ಕೊಟ್ಟರು. ದಿನಕ್ಕೆ ಮೂರು ನಾಲ್ಕು ಸಲ ಬಿಸಿ ಬಟ್ಟೆಯ ಶಾಖ, ಆಮೇಲೆ ಮೆಲ್ಲಗೆ ಹಾಲು ಹಿಂಡಿ ತೆಗೆಯುವುದು. ಹಿಂಡುವ ಕೆಲಸದಲ್ಲಿ ಅಜ್ಜಿಯ ಕೈ ಯಾವ ನರ್ಸಿಗೂ ಕಮ್ಮಿ ಇರಲಿಲ್ಲ. ಐದು ದಿನಕ್ಕೆ ಇಳಿಯಿತು.

ಹಾಲೂಡಿಸುವುದನ್ನು ಪೂರ್ತಿ ನಿಲ್ಲಿಸುವುದೋ, ಸ್ವಲ್ಪ ಸ್ವಲ್ಪ ಬಿಡುವುದೋ ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಪೂರ್ತಿ ಬಿಟ್ಟರೆ ಕ್ಯಾಲ್ಸಿಯಂ ಮತ್ತೆ ಇಳಿಯುವ ಭಯ, ಪೂರ್ತಿ ನಿಲ್ಲಿಸಿದರೆ ಬಾವು. ಡಾಕ್ಟರ್ ಮಧ್ಯದ ದಾರಿ ಹೇಳಿದರು. ಬೆಳಗ್ಗೆ ಸಂಜೆ ಅರ್ಧ ಗಂಟೆ ತಾಯಿಯ ಹಾಲು, ಉಳಿದ ಹೊತ್ತು ಪುಡಿ ಹಾಲು. ಗೌರಿಗೆ ಬಾಯಲ್ಲಿ ಕ್ಯಾಲ್ಸಿಯಂ, ಅವರು ತೂಕ ನೋಡಿ ಹೇಳಿದಷ್ಟು, ಹಾಲು ಬಿಡಿಸುವವರೆಗೆ ಮಾತ್ರ. ಮತ್ತೆ ನಡುಗಿದರೆ ಪೂರ್ತಿ ನಿಲ್ಲಿಸುವುದು. ಮತ್ತೆ ನಡುಗಲಿಲ್ಲ. ಮೂರೂವರೆ ವಾರಕ್ಕೆ ಮರಿಗಳ ಆಹಾರವನ್ನು ಬಿಸಿನೀರಲ್ಲಿ ನೆನೆಸಿ ತಟ್ಟೆಯಲ್ಲಿಟ್ಟೆವು. ಮೊದಲ ದಿನ ಅದರ ಮೇಲೆ ನಡೆದಾಡಿದವು, ಮೂರನೇ ದಿನ ತಿಂದವು.

ಆಹಾರದ ವಿಷಯ ಮನೆಯಲ್ಲಿ ಅಷ್ಟು ಸುಲಭ ಇರಲಿಲ್ಲ. ಮಾಂಸ, ಮೀನು ಸೇರಿದ ಪ್ಯಾಕೆಟ್ಟು. ಸೊಸೆ ನನ್ನನ್ನು ನೋಡಿದಳು, ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲಿ ತಿಂದು ಬಂದವಳನ್ನ ತೊಡೆ ಮೇಲೆ ಕೂರಿಸಿಕೊಂಡಿದೀನಿ, ಇದೇನು ಹೊಸದಾ. ಅಟ್ಟದಲ್ಲೇ ಇಡಿ, ಅಡುಗೆಮನೆಗೆ ತರಬೇಡಿ" ಅಂದರು. ಅಷ್ಟಕ್ಕೇ ಮುಗಿಯಿತು. ಎಷ್ಟೋ ಸಸ್ಯಾಹಾರಿ ಮನೆಗಳಲ್ಲಿ ಇದೇ ಜಾಗದಲ್ಲಿ ಬೆಕ್ಕು ಸೋಲುತ್ತದೆ. ಅಜ್ಜಿ ಸೋಲಲು ಬಿಡಲಿಲ್ಲ. ಹಾಲನ್ನ ಪೂರ್ತಿ ನಿಂತಿತು, ನಾಲ್ಕು ದಿನಕ್ಕೆ ಭೇದಿಯೂ ನಿಂತಿತು. ಗೌರಿ ಬೇಕೆಂದಾಗ ತಿನ್ನುವ ಹಾಗೆ ಬಟ್ಟಲು ಸದಾ ತುಂಬಿರುತ್ತಿತ್ತು, ಪಕ್ಕದಲ್ಲಿ ನೀರು. ಜಂತಿನ ಔಷಧಿಯನ್ನೂ ತಾಯಿಗೆ, ಮರಿಗಳಿಗೆ ಡಾಕ್ಟರ್ ಹೇಳಿದ ಹಾಗೆ ಕೊಟ್ಟರು, ಯಾಕೆಂದರೆ ಜಂತು ತಾಯಿಯ ಹಾಲಿನಿಂದಲೇ ಮರಿಗಳಿಗೆ ದಾಟುತ್ತದೆ.

ಐದನೇ ವಾರದಲ್ಲಿ ಆ ಗಂಡು ಬೆಕ್ಕು ಮಾಡಿನ ಮೇಲೆ ಕೂಗಲು ಶುರು ಮಾಡಿತು. ಹಾಲೂಡಿಸುವ ಬೆಕ್ಕು ಬಸಿರಾಗುವುದಿಲ್ಲ ಅನ್ನುವುದು ತಪ್ಪು ತಿಳುವಳಿಕೆ, ಮರಿಗಳು ಇನ್ನೂ ಚೀಪುತ್ತಿರುವಾಗಲೇ ಮತ್ತೆ ಬಸಿರಾಗುವ ಬೆಕ್ಕುಗಳಿವೆ. ಆ ಸೊರಗಿದ ಮೈಗೆ ಇನ್ನೊಂದು ಬಸಿರು ಬಂದಿದ್ದರೆ ಗೌರಿ ಉಳಿಯುತ್ತಿರಲಿಲ್ಲ ಅಂತ ನನಗೆ ಗಟ್ಟಿ ಅನಿಸುತ್ತದೆ. ಒಳಗೇ ಇಟ್ಟುಕೊಂಡರು, ಈ ಸಲ ಹೊಟ್ಟೆ ತುಂಬಾ ತಿನ್ನಿಸಿ. ಎಂಟು ವಾರಕ್ಕೆ ಮರಿಗಳು ಪೂರ್ತಿ ಹಾಲು ಬಿಟ್ಟವು. ಹಾಲು ಬತ್ತಲು ಎರಡು ವಾರ ಕೊಟ್ಟು ಸಂತಾನಹರಣ ಆಪರೇಷನ್ ಮಾಡಿಸಿದರು. ಆಗ ತೂಕ 3.1 ಕಿಲೋ. ನಾಲ್ಕು ಮರಿಗಳಲ್ಲಿ ಎರಡು ಮನೆಯಲ್ಲೇ ಇವೆ, ಎರಡನ್ನು ನೆಂಟರು ತೆಗೆದುಕೊಂಡು ಹೋದರು.

ಈಗ ಯಾರಾದರೂ ಬೆಕ್ಕು ಮರಿ ಹಾಕಿದೆ ಅಂತ ಫೋನ್ ಮಾಡಿದರೆ ಮರಿಗಳ ವಿಷಯಕ್ಕೆ ಹೋಗುವ ಮೊದಲೇ ತಾಯಿ ಏನು ತಿನ್ನುತ್ತಿದೆ, ಮೊದಲು ಏನು ತಿನ್ನುತ್ತಿತ್ತು ಅಂತ ಕೇಳುತ್ತೇನೆ. ನಡೆಯುವ ಒಂದು ವಿಡಿಯೋ ಕಳಿಸಿ ಅನ್ನುತ್ತೇನೆ. ಊರಿಂದ ದೂರ ಇರುವವರಿಗೆ ರಾತ್ರಿ ಹೊತ್ತು ಬೆಕ್ಕು ನೋಡುವ ಡಾಕ್ಟರ್ ಎಲ್ಲಿದ್ದಾರೆ ಅಂತ ಮರಿ ಹಾಕುವ ಮೊದಲೇ ಕೇಳಿಟ್ಟುಕೊಳ್ಳಿ ಅನ್ನುತ್ತೇನೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರ ಇರುವವರು ಅಲ್ಲಿನ ಆಸ್ಪತ್ರೆಯ ಸಮಯವನ್ನೂ ವಿಚಾರಿಸಿಕೊಳ್ಳಬಹುದು.

ಅಜ್ಜಿ ಮಾತ್ರ ನನಗಿಂತ ಒಳ್ಳೆಯ ದಾರಿ ಕಂಡುಕೊಂಡಿದ್ದಾರೆ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ದಿನದ ಮನೆಯೊಳಗೆ ಸಣ್ಣ ಅಕ್ಷರದಲ್ಲಿ ಬೆಕ್ಕಿನ ಲೆಕ್ಕವನ್ನೂ ಬರೆಯುತ್ತಾರೆ. ಪಕ್ಕದ ಮನೆಯ ಬೆಕ್ಕು ಈಚೆಗೆ ಮೂರು ಮರಿ ಹಾಕಿತು. ಮೊಮ್ಮಗ ಆ ಕ್ಯಾಲೆಂಡರಿನ ಫೋಟೋ ಕಳಿಸಿದ್ದ. ಹಾಲು ಆರು ಲೀಟರ್ ಅನ್ನುವುದರ ಕೆಳಗೆ ಹೀಗಿತ್ತು: "ಬಾಣಂತಿ 12 ದಿನ. ಊಟ ಸರಿ. ನಡಿಗೆ ಸರಿ. ಎಂಟೂ ಮೆತ್ತಗೆ."